ಉಗಿಯುವ ಕಸುಬು

ಕುಡಿದು ಉಗಿಯುವುದು ನನ್ನ ಕಸುಬು. ಪ್ರವಾಸಿಗರು ಓದುವ ಪತ್ರಿಕೆಯೊಂದಕ್ಕಾಗಿ ಹೋಟೆಲುಗಳ ವೈನ್ ರುಚಿ ನೋಡಿ ಅಂಕ ಕೊಡುತ್ತೇನೆ. ನುಂಗುತ್ತ ಹೋದರೆ ನಾಲಿಗೆ ಸುಳ್ಳು ಹೇಳಲು ಶುರುಮಾಡುತ್ತದೆ. ಆದ್ದರಿಂದ ಬಾಯಲ್ಲಿ ಆಡಿಸಿ ಉಗಿದುಬಿಡಬೇಕು. ಆಮೇಲೆ ಬರಹದಲ್ಲಿ ಇನ್ನೊಮ್ಮೆ ಉಗಿದು ಉಪ್ಪಿನಕಾಯಿ ಹಾಕುತ್ತೇನೆ. "ಉಗಿಯೋಕೂ ಸಂಬಳ ಕೊಡ್ತಾರೆ ಅಂದ್ರೆ ಲೋಕ ದೊಡ್ಡದು ಬಿಡಿ" ಎನ್ನುತ್ತಾಳೆ ಹೆಂಡತಿ. ಹೋಟೆಲಿನವರು ನನಗಿಟ್ಟ ಹೆಸರು ಹುಳಿಮೋರೆ. ಅದನ್ನು ಬಿರುದೆಂದೇ ತಿಳಿದು ಎದೆಯುಬ್ಬಿಸಿಕೊಂಡು ತಿರುಗುತ್ತಿದ್ದೆ.

ಆ ಸಲ ಪತ್ರಿಕೆ ಕಳಿಸಿದ್ದು ಕೋಟೆ ಗೋಡೆಗೆ ಒರಗಿಕೊಂಡಿದ್ದ ಬಲು ಹಳೆಯ ಹೋಟೆಲಿಗೆ. ಅದರ ಯಜಮಾನಿಯ ಮಗನನ್ನೇ ನನ್ನ ಮಗಳು ಮೆಚ್ಚಿದ್ದಳು. ಯಜಮಾನಿ ಹ್ಞೂಂ ಎಂದರೆ ಮದುವೆ. ಬೇರೆಯವರನ್ನು ಕಳಿಸಿ ಎಂದು ಪತ್ರಿಕೆಯವರಿಗೆ ಹೇಳಬಹುದಿತ್ತು. ಆದರೆ ಭಾವೀ ಬೀಗಿತ್ತಿಯ ಮುಂದೆ ನನ್ನ ವಿದ್ಯೆ ತೋರಿಸುವ ಚಪಲ ಬಿಡಬೇಕಲ್ಲ.

"ಅಪ್ಪಾ, ಅಲ್ಲಿ ಗತ್ತು ತೋರಿಸ್ಬೇಡ. ಇದ್ದ ಹಾಗೆ ಇರು, ಸಾಕು," ಎಂದಿದ್ದಳು ಮಗಳು.

ಊಟದ ಕೋಣೆಯಲ್ಲಿ ಕಂಬ, ಬೆಂಚು, ಮಸುಕಾದ ಕನ್ನಡಿ ಎಲ್ಲವೂ ಅಜ್ಜನ ಕಾಲದವು. ವೈನ್ ಶೀಶೆಗಳನ್ನು ಮಾತ್ರ, ಪ್ರವಾಸಿಗರು ಫೋಟೋ ತೆಗೆಯಲೆಂದು, ಬಿಸಿಲು ಬೀಳುವ ಕಿಟಕಿಯಲ್ಲಿ ಸಾಲಾಗಿ ನಿಲ್ಲಿಸಿದ್ದರು. ಯಜಮಾನಿ ತಾವೇ ಬಂದು ಮೊದಲ ಲೋಟ ಬಗ್ಗಿಸಿಕೊಟ್ಟು ಒಳಗೆ ಹೋದರು. ಬಾಯಿಗೆ ಹಾಕಿಕೊಂಡದ್ದೇ ತಡ, ಹುಳಿಗೆ ಕಣ್ಣು ತಾನಾಗಿ ಮುಚ್ಚಿತು. ಬೆಂಚಿನ ಪಕ್ಕದಲ್ಲೊಂದು ತಾಮ್ರದ ಪಾತ್ರೆ ಇತ್ತು. ನನ್ನ ಘನತೆ ಅರಿತು ಇಟ್ಟಿದ್ದಾರೆ ಅಂದುಕೊಂಡು ಅದರೊಳಗೆ ಉಗಿದೆ.

ಪಕ್ಕದ ಮೇಜಿನ ಪ್ರವಾಸಿಯೊಬ್ಬ ಫೋಟೋ ತೆಗೆದ.

ತಿರುಗಿ ನೋಡಿದರೆ ಯಜಮಾನಿ ಎರಡನೆಯ ಶೀಶೆ ಹಿಡಿದು ನಿಂತಿದ್ದಾರೆ. "ಅದು ನಮ್ಮತ್ತೆಯವರ ಅತ್ತೇದು," ಎಂದರು ಮೆಲ್ಲಗೆ. "ಈ ಹೋಟ್ಲು ಶುರುವಾಗಿದ್ದೇ ಆ ಪಾತ್ರೇಲಿ ಅಡುಗೆ ಮಾಡಿ. ಬಂದವರು ನೋಡ್ಲಿ ಅಂತ ಇಟ್ಟಿದ್ದೀವಿ."

ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ನುಂಗಿದ್ದರೂ ಮರುಕ್ಷಣ ಉಗಿದುಬಿಡುತ್ತಿತ್ತೇನೋ. ಮಗಳ ಮುಖ ಕಣ್ಣಮುಂದೆ ಬಂದು ನಿಜಕ್ಕೂ ಹೆದರಿದೆ.

ಅಲ್ಲಿಂದ ಮುಂದೆ ಬಂದ ಲೋಟವೆಲ್ಲ ಬಿಸಿತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ನುಂಗಿದೆ. ಒಂದೊಂದಕ್ಕೂ "ಆಹಾ" ಎಂದೆ. ಕೊನೆಯ ಶೀಶೆಯ ಹೊತ್ತಿಗೆ ಕಂಬಗಳೂ ನನ್ನ ಜೊತೆ ತಲೆದೂಗುತ್ತಿದ್ದವು. ಹತ್ತಕ್ಕೆ ಒಂಬತ್ತು ಎಂದು ಬರೆದು, ಹಲ್ಲುಕಿರಿದು, ಹಾಳೆಯನ್ನು ಆಕೆಯ ಕೈಗೇ ಕೊಟ್ಟೆ.

ಆಕೆ ಓದಿ, ಆ ಪಾತ್ರೆ ಎತ್ತಿಕೊಂಡು, ಬಟ್ಟೆಯಿಂದ ಒಳಗೆ ಒರೆಸಿ ನನ್ನ ಮುಂದೆ ಹಿಡಿದರು. ಒಳಗೆಲ್ಲ ಕಪ್ಪು, ನಾನು ಉಗಿದ ಜಾಗ ಮಾತ್ರ ಫಳಫಳ ಹೊಳೆಯುತ್ತಿತ್ತು.

"ಎಷ್ಟು ವರ್ಷದ ಕಿಲುಬೋ, ನಿಮ್ಮ ಒಂದು ಗುಟುಕಿಗೆ ಹೋಯ್ತು. ಒಂಬತ್ತು ಯಾತಕ್ಕೆ ಕೊಟ್ರಿ, ಪಾತ್ರೆ ತಿಕ್ಕೋಕಾ?"

"ಅಲ್ಲ... ಮಗಳು... ಸಂಬಂಧ..." ಎಂದು ತೊದಲಿದೆ.

"ಸಂಬಂಧಾನ ನಾನು ಮನಸ್ಸಲ್ಲೇ ಒಪ್ಪಿ ತುಂಬಾ ದಿನ ಆಯ್ತು. ನಿಮ್ಮ ಮಗಳು ಮೊದಲ್ನೇ ಸಲ ಬಂದಾಗ್ಲೇ, 'ತಪ್ಪು ತಿಳ್ಕೋಬೇಡಿ ಆಂಟಿ, ವೈನ್ ಹುಳಿಯಾಗಿದೆ, ಕಿಟಕಿಯಿಂದ ತೆಗೀರಿ' ಅಂದ್ಲು. ಅವತ್ತೇ ಇಷ್ಟ ಆದ್ಲು. ಆದ್ರೂ ಹುಡುಗರ ಮಾತು, ತಿಳಿದೋರು ಬಂದು ಹೇಳ್ಲಿ ಅಂತ ಹಾಗೇ ಬಿಟ್ಟಿದ್ದೆ. ಹೀಗೆ ಮುಖದ ಮೇಲೆ ಹೇಳೋದು ಎಲ್ಲಿ ಕಲ್ತೆ ಅಂದ್ರೆ, ನಮ್ಮಪ್ಪನ ಹತ್ರ ಅಂದ್ಲು."

ಏರಿದ ಅಮಲು ಜರ್ರನೆ ಇಳಿಯಿತು. ಇಷ್ಟು ವರ್ಷ ಕಂಡಕಂಡವರಿಗೆಲ್ಲ ಉಗಿದಿದ್ದೆ. ಒಂದು ಬೈಗುಳವೂ ಇಲ್ಲದೆ ಹೀಗೆ ಉಗಿಸಿಕೊಂಡದ್ದು ಅದೇ ಮೊದಲು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಹಾಳೆ ವಾಪಸ್ ಕೇಳಿ ಪಡೆದು, ಒಂಬತ್ತನ್ನು ಹೊಡೆದುಹಾಕಿ ಎರಡು ಎಂದು ಬರೆದೆ.

ಆಕೆ ಇಣುಕಿ ನೋಡಿ, ಅರ್ಧ ಉಳಿದಿದ್ದ ಶೀಶೆಯನ್ನೂ ಪಾತ್ರೆಯನ್ನೂ ನನ್ನ ಮುಂದಿಟ್ಟರು.

"ಮಿಕ್ಕಿದ್ದನ್ನೂ ತಿಕ್ಕಿಕೊಡಿ, ಬೀಗರೇ."