ಕೈಯೊಳಗೆ ನುಸುಳಿದ ನೀರು

ಕುವೈತಿನಲ್ಲಿ ಜುಲೈ ಬಂತೆಂದರೆ ಎಸಿ ರಿಪೇರಿಯವರಿಗೆ ಪುರುಸೊತ್ತೇ ಇರುವುದಿಲ್ಲ. ದೇಜಪ್ಪನವರದ್ದು ಅದೇ ಕೆಲಸ. ಶುಐಬಾದ ಕಾರ್ಖಾನೆಗಳ ಕಚೇರಿಯಲ್ಲಿ ಎಸಿ ಕೆಟ್ಟರೆ ಅವರೇ ಹೋಗಬೇಕು. ಆ ವಾರ ವಾಂತಿಭೇದಿ ಹಿಡಿದಿದ್ದರೂ ಅವರು ರಜೆ ಹಾಕಲಿಲ್ಲ. ಬಿಸಿಲಿನಲ್ಲಿ ತಾರಸಿ ಹತ್ತಿದವರು ಕಣ್ಣು ಕತ್ತಲಿಟ್ಟು ಅಲ್ಲೇ ಕುಸಿದರು. ಜೊತೆಗಾರರು ಕಾರಿನಲ್ಲಿ ಮಲಗಿಸಿ ಒಂದು ಖಾಸಗಿ ಆಸ್ಪತ್ರೆಗೆ ತಂದರು. "ಮೈಯಲ್ಲಿ ನೀರೇ ಇಲ್ಲ" ಎಂದ ಡಾಕ್ಟರು ಬಲಗೈಗೆ ಡ್ರಿಪ್ ಹಾಕಿಸಿ, ವಾರ್ಡಿನಲ್ಲಿ ಮಲಗಿಸಿದರು.

ಹೆಂಡತಿ ಪುಷ್ಪಾವತಿ ಫರ್ವಾನಿಯಾದ ಮನೆಯಿಂದ ಗಂಜಿ ಕಟ್ಟಿಕೊಂಡು ಓಡಿಬಂದಾಗ ದೇಜಪ್ಪ ಹಲ್ಲು ಕಚ್ಚಿ ಮಲಗಿದ್ದರು.

"ಎಂತ ಆಯ್ತು? ನೋವುಂಟಾ?"

"ಏನಿಲ್ಲ. ಸೂಜಿ ಅಲ್ವಾ, ಸ್ವಲ್ಪ ನೋವು ಇರ್ತದೆ."

ಪುಷ್ಪಾವತಿ ಹೊದಿಕೆ ಸರಿಸಿದರು. ಸೂಜಿ ಚುಚ್ಚಿದ ಜಾಗದ ಸುತ್ತ ಕೈ ಊದಿ ಬಿಗಿದಿತ್ತು. ಚರ್ಮ ಬಿಳಿಚಿಕೊಂಡಿತ್ತು, ಮುಟ್ಟಿದರೆ ತಣ್ಣಗಿತ್ತು. ಬೆರಳಿನ ಉಂಗುರ ಮಾಂಸದೊಳಗೆ ಹೂತುಹೋಗಿತ್ತು.

"ಇದು ಸ್ವಲ್ಪವಾ? ಸಿಸ್ಟರನ್ನು ಕರೀತೇನೆ."

"ಬೇಡ ಮಾರಾಯ್ತಿ! ಅವರು ಕಲಿತವರು, ಅವರಿಗೆ ಗೊತ್ತಿಲ್ವಾ? ನಾವು ಪರದೇಶದಲ್ಲಿ ಇರುವವರು. ಗಲಾಟೆ ಮಾಡಿ ಅವರಿಗೆ ಸಿಟ್ಟು ಬಂದ್ರೆ ನಾಳೆ ನನ್ನನ್ನು ನೋಡುವವರು ಯಾರು?"

ಪುಷ್ಪಾವತಿ ಕೇಳಲಿಲ್ಲ, ಕರೆದೇ ಬಿಟ್ಟರು. ಆದರೆ ವಾರ್ಡಿನ ನರ್ಸಿಗೆ ಕೈತುಂಬ ಕೆಲಸ. ಆಕೆ ದೂರದಿಂದಲೇ ಬಾಟಲಿ ನೋಡಿ, "ಡ್ರಿಪ್ ಚಲ್ ರಹಾ ಹೈ, ಠೀಕ್ ಹೈ" ಎಂದು ಹಿಂದಿಯಲ್ಲಿ, ಡ್ರಿಪ್ ಸರಿಯಾಗಿಯೇ ಹೋಗುತ್ತಿದೆ ಎನ್ನುವಂತೆ ಹೇಳಿ, ಬೇರೆ ರೋಗಿಯತ್ತ ಓಡಿದಳು.

ಪುಷ್ಪಾವತಿ ಫೋನ್ ತೆಗೆದು ವೈಲೆಟ್‌ಗೆ ಕರೆ ಮಾಡಿದರು. ಅವರದೇ ಕಟ್ಟಡದ ಕೆಳಮಾಳಿಗೆಯಲ್ಲಿರುವ ವೈಲೆಟ್ ಬೇರೊಂದು ಆಸ್ಪತ್ರೆಯಲ್ಲಿ ನರ್ಸ್. ಕೈ ಹೇಗಿದೆ ಎಂದು ತಿಳಿದ ಕೂಡಲೇ ಆಕೆಯ ದನಿ ಬದಲಾಯಿತು.

"ಪುಷ್ಪಕ್ಕ, ಸೂಜಿ ನರದಿಂದ ಜಾರಿದ ಹಾಗೆ ಕಾಣ್ತದೆ. ನೀವೇ ಸೂಜಿ ಕೀಳ್ಬೇಡಿ, ಕೈ ಉಜ್ಬೇಡಿ, ಬಿಸಿನೀರೂ ಇಡ್ಬೇಡಿ. ಆದ್ರೆ ಡ್ರಿಪ್ ಈಗಲೇ ನಿಲ್ಲಿಸ್ಬೇಕು. ಸಿಸ್ಟರ್ ಬಂದು ಕೈ ಮುಟ್ಟಿ ನೋಡುವ ತನಕ ಬಿಡ್ಬೇಡಿ. ಅದು ಗಲಾಟೆ ಅಲ್ಲ, ನಿಮ್ಮ ಹಕ್ಕು."

ಪುಷ್ಪಾವತಿ ಸೀದಾ ನರ್ಸಿನ ಮೇಜಿನೆದುರು ಹೋಗಿ ನಿಂತರು. ಅವರಿಗೆ ಬರುವುದು ಅರೆಬರೆ ಹಿಂದಿ. ಗಂಡನ ಕೈ ನೋಡಿ, ಡ್ರಿಪ್ ನಿಲ್ಲಿಸಿ ಎಂದು ಅದರಲ್ಲೇ ಹೇಳಿದರು.

"ಸಿಸ್ಟರ್, ಮೇರಾ ಆದ್ಮಿ ಕಾ ಹಾತ್ ದೇಖೋ. ಡ್ರಿಪ್ ಬಂದ್ ಕರೋ."

"ಪಾಂಚ್ ಮಿನಿಟ್, ಮೇಡಂ."

"ನಹೀ! ಅಭೀ!" ಅಲ್ಲಿಗೆ ಅವರ ಹಿಂದಿ ಮುಗಿಯಿತು. ಉಳಿದದ್ದು ಕನ್ನಡದಲ್ಲೇ ಬಂತು. "ನೀವು ಬಂದು ನೋಡುವವರೆಗೆ ನಾನು ಇಲ್ಲಿಂದ ಹೋಗುವುದಿಲ್ಲ. ಬೇಕಾದ್ರೆ ಪೊಲೀಸರನ್ನು ಕರೀರಿ!"

ವಾರ್ಡೇ ತಿರುಗಿ ನೋಡಿತು. ದೇಜಪ್ಪ ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡರು.

ನರ್ಸ್ ಸಿಡುಕುತ್ತಲೇ ಬಂದಳು. ಕೈ ಮುಟ್ಟಿದ ಕ್ಷಣ ಅವಳ ಮುಖದ ಸಿಡುಕು ಹೋಯಿತು. ತಕ್ಷಣ ಡ್ರಿಪ್ ನಿಲ್ಲಿಸಿ, ಸೂಜಿ ತೆಗೆದು, ಉಂಗುರ ಬಿಡಿಸಿ, ಕೈಯನ್ನು ದಿಂಬಿನ ಮೇಲೆ ಎತ್ತರಕ್ಕೆ ಇಟ್ಟಳು. ಓಡಿಬಂದ ಡಾಕ್ಟರಿಗೆ "ಇನ್‌ಫಿಲ್ಟ್ರೇಶನ್" ಎಂದಳು. ಆಮೇಲೆ ಪುಷ್ಪಾವತಿಯ ಕಡೆ ತಿರುಗಿ, "ಸಾರಿ. ನೀವು ಬಿಡದೆ ಕರೆದದ್ದು ಒಳ್ಳೆಯದಾಯಿತು" ಎಂದು ಹಿಂದಿಯಲ್ಲಿ ಹೇಳಿದಳು.

ಸಂಜೆ ಡ್ಯೂಟಿ ಮುಗಿಸಿ ವೈಲೆಟ್ ಬಂದಾಗಲೂ ದೇಜಪ್ಪನವರ ಮುಖ ಗಂಟಿಕ್ಕಿಕೊಂಡೇ ಇತ್ತು.

"ನಿಮ್ಮ ಪುಷ್ಪಕ್ಕ ನನ್ನ ಮರ್ಯಾದೆ ತೆಗೆದ್ಲು. ಅದಿರ್ಲಿ ವೈಲೆಟ್, ಇಲ್ಲಿನ ಸಿಸ್ಟರ್ ಇನ್‌ಫಿಲ್ಟ್ರೇಶನ್ ಅಂದ್ರಲ್ಲ, ಎಂತ ಅದು? ಟಿವಿಯಲ್ಲಿ ಗಡಿ ಸುದ್ದಿಗೆ ಹೇಳುವ ಶಬ್ದ ಅಲ್ವಾ? ನನ್ನ ಕೈಯೊಳಗೆ ನುಸುಳಿದ್ದು ಯಾವುದು? ಕ್ಯಾನ್ಸರಾ?"

ವೈಲೆಟ್ ನಕ್ಕು ಬದಿಯಲ್ಲಿ ಕೂತಳು. "ಅಲ್ಲ ದೇಜಪ್ಪಣ್ಣ. ಶಬ್ದ ಒಂದೇ, ಅರ್ಥ ಬೇರೆ ಬೇರೆ. ಗಡಿ ದಾಟಿ ಕಳ್ಳದಾರಿಯಲ್ಲಿ ಬಂದ್ರೂ ಅದನ್ನೇ ಹೇಳ್ತಾರೆ. ಮಳೆನೀರು ಮಣ್ಣಲ್ಲಿ ಇಂಗಿದ್ರೂ ಅದನ್ನೇ ಹೇಳ್ತಾರೆ. ಅದು ಒಳ್ಳೇದು, ನಮ್ಮ ಬಾವಿ ತುಂಬ್ತದೆ. ನಿಮ್ಮ ಎಸಿ ಕೆಲಸದಲ್ಲಿ ಈ ಶಬ್ದ ಇಲ್ವಾ?"

ದೇಜಪ್ಪ ಯೋಚಿಸಿದರು. "ಉಂಟು, ಉಂಟು. ಬಾಗಿಲು ಕಿಟಕಿಯ ಸಂದಿಯಲ್ಲಿ ಹೊರಗಿನ ಬಿಸಿಗಾಳಿ ಒಳಗೆ ಬಂದ್ರೆ ನಮ್ಮ ಇಂಜಿನಿಯರ್ ಅದನ್ನೇ ಹೇಳುವುದು. ಮಶೀನು ಎಷ್ಟು ಓಡಿದ್ರೂ ರೂಮು ತಣ್ಣಗಾಗುವುದಿಲ್ಲ."

"ಆಗ ನೀವು ಸುಮ್ಮನೆ ಇರ್ತೀರಾ? ಹೇಳಿದ್ರೆ ಆಫೀಸಿನವರಿಗೆ ಬೇಸರ ಆಗ್ತದೆ ಅಂತ?"

"ಹೇಗೆ ಇರ್ಲಿಕ್ಕೆ ಆಗ್ತದೆ? ಮಶೀನೇ ಹಾಳಾಗ್ತದಲ್ಲ!"

"ಮತ್ತೆ ನಿಮ್ಮ ಕೈ ಹಾಳಾಗುವಾಗ ಯಾಕೆ ಸುಮ್ಮನೆ ಇದ್ರಿ?"

ದೇಜಪ್ಪ ಮುಖ ಆಚೆ ತಿರುಗಿಸಿದರು.

"ನರದೊಳಗೆ, ಅಂದ್ರೆ ರಕ್ತನಾಳದೊಳಗೆ ಹೋಗ್ಬೇಕಾದ ನೀರು ಸುತ್ತಲಿನ ಮಾಂಸಕ್ಕೆ ಹೋಯ್ತು. ನಾವು ನರ್ಸುಗಳು ಅದನ್ನು ಇನ್‌ಫಿಲ್ಟ್ರೇಶನ್ ಅಂತೇವೆ" ಎಂದಳು ವೈಲೆಟ್. "ನಿಮಗೆ ಹೋದದ್ದು ಬರೀ ಸಲೈನ್, ಊತ ಇಳೀತದೆ. ಆದ್ರೆ ಕೆಲವು ಮದ್ದು ಹೀಗೆ ಸೋರಿದ್ರೆ ಒಳಗೆ ಸುಟ್ಟ ಹಾಗೆ ಗಾಯ ಆಗ್ತದೆ. ಸೂಜಿ ಜಾರುವುದು ಯಾರ ಕೈಯಲ್ಲೂ ಆಗ್ತದೆ, ನನ್ನ ಕೈಯಲ್ಲೂ ಆಗಿದೆ. ರೋಗಿ ಕೂಡಲೇ ಹೇಳಿದ್ರೆ ನಮಗೆ ಅದೇ ದೊಡ್ಡ ಸಹಾಯ."

ದೇಜಪ್ಪ ಊದಿದ ಬಲಗೈಯನ್ನೇ ನೋಡುತ್ತ ಕೂತರು. ಸ್ಪ್ಯಾನರ್ ಹಿಡಿಯುವ ಕೈ ಅದು. "ಪುಷ್ಪಾ, ನೀನು ನಿಲ್ಲದಿದ್ದರೆ..." ಎಂದರು. ಪುಷ್ಪಾವತಿ ಗಂಜಿಯ ಬಟ್ಟಲು ಮುಂದೆ ಹಿಡಿದರು.

ಮರುದಿನ ಪಕ್ಕದ ಹಾಸಿಗೆಗೆ ಬಾವಾಕುಂಞಿ ಬಂದರು. ಬಂಟ್ವಾಳದ ಕಡೆಯವರು, ಕಿರಾಣಿ ಅಂಗಡಿಯಲ್ಲಿ ಕೆಲಸ. ಡ್ರಿಪ್ಪಿನಲ್ಲಿ ಮದ್ದು ಹೋಗುತ್ತಿತ್ತು. ಅವರು ಪದೇ ಪದೇ ಮುಖ ಕಿವುಚುವುದನ್ನು ದೇಜಪ್ಪ ಕಂಡರು.

"ಬಾವಾಕ, ಕೈ ತೋರ್ಸಿ."

"ಇರ್ಲಿ ಮಾರಾಯ್ರೆ, ಸ್ವಲ್ಪ ಉರಿ ಅಷ್ಟೆ. ಸುಮ್ಮನೆ ಯಾಕೆ ಅವರಿಗೆ ತೊಂದರೆ ಕೊಡುವುದು?"

ಕೈ ಕೆಂಪಗೆ ಊದಿತ್ತು. ದೇಜಪ್ಪ ಗಂಟೆ ಒತ್ತಿದರು. ಯಾರೂ ಬರಲಿಲ್ಲ. ಎದ್ದು, ಈಗ ತಮ್ಮ ಎಡಗೈಗೆ ಹಾಕಿದ್ದ ಡ್ರಿಪ್ಪಿನ ಕಂಬವನ್ನು ತಳ್ಳಿಕೊಂಡೇ ವಾರ್ಡಿನ ಬಾಗಿಲಿಗೆ ಹೋದರು.

"ಸಿಸ್ಟರ್! ಯಲ್ಲಾ, ಇಧರ್ ಆವೋ!" ಎಂದು ಬೇಗ ಬರುವಂತೆ ಕೂಗಿದರು.

"ನೀವು ಎದ್ದದ್ದು ಯಾಕೆ? ಹೋಗಿ ಮಲಗಿ. ಪಾಂಚ್ ಮಿನಿಟ್" ಎಂದು ನರ್ಸ್ ಹಿಂದಿಯಲ್ಲಿ ಗದರಿದಳು.

"ನಹೀ. ಪಹಲೇ ಉನ್ ಕಾ ಹಾತ್ ದೇಖೋ. ಫಿರ್ ಮೈ ಸೋಯೇಗಾ."

ಮೊದಲು ಅವರ ಕೈ ನೋಡಿ, ಆಮೇಲೆ ಮಲಗುತ್ತೇನೆ ಎಂದವರು ಅಲುಗಲಿಲ್ಲ. ನರ್ಸ್ ಬಂದಳು, ಕೈ ನೋಡಿದಳು, ಮದ್ದು ನಿಲ್ಲಿಸಿದಳು, ಡಾಕ್ಟರನ್ನು ಕರೆಸಿದಳು. ಮದ್ದು ಇನ್ನೂ ಹೆಚ್ಚು ಸೋರಿರಲಿಲ್ಲ.

"ಹೇಳ್ಲಿಕ್ಕೆ ನನಗೆ ಹೆದರಿಕೆ ಆಯ್ತು" ಎಂದರು ಬಾವಾಕುಂಞಿ.

"ನನಗೂ ಆಗಿತ್ತು" ಎಂದರು ದೇಜಪ್ಪ. "ಇನ್ನು ಆಗುವುದಿಲ್ಲ."

ಓದುವವರೇ, ಕೇಳುವವರೇ, ನಿಮಗಾಗಲಿ ನಿಮ್ಮವರಿಗಾಗಲಿ ಡ್ರಿಪ್ ಹಾಕಿದ್ದಾರೆಯೇ? ಆ ಕೈಯನ್ನು ಹೊದಿಕೆಯೊಳಗೆ ಮುಚ್ಚಿಡಬೇಡಿ, ಆಗಾಗ ನೋಡಿ. ಊದಿದರೆ, ಬಿಗಿದರೆ, ತಣ್ಣಗಾದರೆ, ಉರಿದರೆ, ಪಟ್ಟಿ ಒದ್ದೆಯಾದರೆ ಆಗಲೇ ನರ್ಸನ್ನು ಕರೆಯಿರಿ. ಒಮ್ಮೆ ಕರೆದರೆ ಬರದಿದ್ದರೆ ಮತ್ತೆ ಕರೆಯಿರಿ. ಭಾಷೆ ಬಾರದಿದ್ದರೆ ಕೈ ಎತ್ತಿ ತೋರಿಸಿ. ನೋವನ್ನು ನುಂಗಿಕೊಳ್ಳುವುದು ಮರ್ಯಾದೆಯಲ್ಲ. ದುಡಿಯಲು ಬಂದ ಊರಿನಲ್ಲೂ ನಿಮ್ಮ ಮೈ ನಿಮ್ಮದೇ. ಅದರ ಪರವಾಗಿ ಮಾತಾಡಲು ಯಾರ ಅಪ್ಪಣೆಯೂ ಬೇಕಿಲ್ಲ.