ಗುಡ್ಡಪ್ಪನಿಗೆ ಮೂಗು ಬಂದದ್ದು

“ಹಿಡಿಯಲೇ ಬಾಡ್ಕಾವ್! ನಾನೇನು ಎಂಡ್ರಿನ್ ವಿಷ ಕೊಡಾಕತ್ತೀನೇನು? ಹರದು ಬಾಯಾಗ ಹಾಕ್ಕೋ, ಇಳಿ.”

ಮಾಲತೇಶ್ ಬೈಕಿನಿಂದ ಇಳಿಯಲೂ ಇಲ್ಲ. ಕುಳಿತಲ್ಲಿಂದಲೇ ವಿಸ್ಕಿ ಪ್ಯಾಕೆಟ್ ಎಸೆದ. ಅದು ಗುಡ್ಡಪ್ಪನ ಎದೆಗೆ ಬಡಿದು ಕಾಲ ಬಳಿ ಬಿತ್ತು. ಹೊಸಪೇಟೆ ಬಸ್ ನಿಲ್ದಾಣದ ಹಿಂದಿನ ಆ ಲಾಡ್ಜಿನ ಹಿತ್ತಲಲ್ಲಿ ಪಾಯಖಾನೆ ಗುಂಡಿ ತುಂಬಿ ನಾಲ್ಕು ದಿನವಾಗಿತ್ತು. ಹಂಪಿ ನೋಡಲು ಬಂದವರು ಮೇಲಿನ ಎರಡು ಮಹಡಿಗಳಲ್ಲಿ ತುಂಬಿಕೊಂಡಿದ್ದರು. ಲಾಡ್ಜಿನ ಸಾವ್ಕಾರ ಬೆಳಗಿನಿಂದ ಗುತ್ತಿಗೆದಾರ ಮಾಲತೇಶನ ತಲೆ ತಿಂದಿದ್ದ.

ಗುಂಡಿಗೆ ಇಳಿಯುವ ಮುಂಚೆ ಆಳಿಗೊಂದು ಪ್ಯಾಕೆಟ್ ಕೊಡುವುದು ಈ ಕೆಲಸದ ಪದ್ಧತಿ. ಬೇರೆ ಕೆಲಸಗಳಲ್ಲಿ ಹೆಲ್ಮೆಟ್ಟು, ಬೂಟು, ಕೈಗವಸು ಕೊಡುತ್ತಾರಂತೆ. ಇಲ್ಲಿ ಅಷ್ಟಕ್ಕೂ ಬದಲಾಗಿ ತೊಂಬತ್ತು ಎಂ.ಎಲ್. ಅದು ಹೊಟ್ಟೆಗೆ ಹೋದರೆ ಮೂಗು ಸಾಯುತ್ತದೆ, ಮೂಗು ಸತ್ತರೆ ಆಳು ಇಳಿಯುತ್ತಾನೆ. ಗುಡ್ಡಪ್ಪ ಹದಿನೆಂಟು ವರ್ಷ ಹಾಗೆಯೇ ಇಳಿದಿದ್ದ. ಗುಂಡಿಗೆಂದು ಶುರುವಾದ ಕುಡಿತ ಆಮೇಲೆ ಅವನ ಹಿಂದೆಯೇ ಮನೆಗೂ ಬಂತು. ಕೊನೆಗೆ ಮಗಳ ನಿಶ್ಚಿತಾರ್ಥಕ್ಕೂ ಬಂದು, ಬೀಗರೆದುರು ಅವನ ಲುಂಗಿ ಬಿಚ್ಚಿಸಿತು.

ಆ ಮಾರನೆಯ ದಿನವೇ ಬಿಟ್ಟ. ಮೊದಲ ವಾರ ಸರ್ಕಾರಿ ಆಸ್ಪತ್ರೆಯ ಮಂಚದ ಮೇಲೆ ಗಡಗಡ ನಡುಗುತ್ತ ಮಲಗಿದ್ದ. ಮನೆಗೆ ಬಂದ ಮೇಲೆ, ಒಂದು ಬೆಳಗ್ಗೆ ಎದ್ದು ಕೂತವನೇ ಕೂಗಿದ:

“ಏನಿದು ವಾಸನಿ? ಬಳ್ಳೊಳ್ಳಿ ಹಾಕೀಯೇನ?”

ಹೆಂಡತಿ ಉಚ್ಚೆಂಗಮ್ಮ ಒಗ್ಗರಣೆಯ ಸೌಟು ಹಿಡಿದೇ ಒಳಗಿನಿಂದ ಬಂದಳು. “ಹದಿನೆಂಟು ವರ್ಷದಿಂದ ಹಾಕಾಕತ್ತೀನಿ. ಇವತ್ತು ಬಂತಾ ನಿನ್ನ ಮೂಗಿಗೆ?”

ಅವತ್ತಿನಿಂದ ಗುಡ್ಡಪ್ಪನಿಗೆ ಮೂಸುವ ಹುಚ್ಚು ಹಿಡಿಯಿತು. ಬಾಳೆಮಂಡಿಯ ಮುಂದೆ ನಿಂತು ಮೂಸಿದ, ಹೂವಿನವರ ಬುಟ್ಟಿಗೆ ಬಗ್ಗಿ ಬೈಸಿಕೊಂಡ, ಮಗಳ ಎಣ್ಣೆ ಹಚ್ಚಿದ ತಲೆ ಮೂಸಿ ಅವಳನ್ನು ನಗಿಸಿದ. ಒಂದು ಸಂಜೆ ಮೊಳೆಗೆ ನೇತುಹಾಕಿದ್ದ ತನ್ನ ಕೆಲಸದ ಅಂಗಿಯನ್ನೂ ಮೂಸಿದ. ಅದನ್ನು ಕೈಯಲ್ಲಿ ಹಿಡಿದೇ ನೆಲಕ್ಕೆ ಕೂತ.

“ಇದನ್ನ ಮಗ್ಗಲಾಗ ಹೆಂಗ ಮಲಗಿಸ್ಕೊಂಡಿದ್ದೆ, ಉಚ್ಚೆಂಗಿ?”

“ಮೂಗು ಮುಚ್ಕೊಂಡು,” ಎಂದಳು ಆಕೆ. ಇಬ್ಬರೂ ನಕ್ಕರು. ಆಮೇಲೆ ಗುಡ್ಡಪ್ಪ ಅತ್ತ.

ಬಿಟ್ಟು ಇವತ್ತಿಗೆ ನಲವತ್ತಮೂರು ದಿನ. ಇಷ್ಟು ದಿನ ಹೇಗೋ ಕಸಬರಿಗೆ ಕೆಲಸ ಹಿಡಿದು ತಪ್ಪಿಸಿಕೊಂಡಿದ್ದ. ಮೂಗು ಬಂದ ಮೇಲೆ ಇದೇ ಮೊದಲ ಗುಂಡಿ. ಅವನೂ ಜೊತೆಯಾಳು ಅಂಜಿನಿಯೂ ಸೇರಿ ಗುಂಡಿಯ ಮೇಲಿನ ಚಪ್ಪಡಿ ಸರಿಸಿದ್ದೇ ತಡ, ನಾತ ಎದ್ದು ಗುಡ್ಡಪ್ಪನ ಮೂಗಿಗೇ ಬಡಿಯಿತು. ಕಾಲ ಬಳಿಯ ಪ್ಯಾಕೆಟ್ ನೋಡಿದ. ಬೇಕು ಅನ್ನಿಸಿತು. ಸುಳ್ಳೇಕೆ, ಭಾಳ ಬೇಕು ಅನ್ನಿಸಿತು. ಬಗ್ಗಿ ಎತ್ತಿಕೊಂಡರೆ ಎರಡು ನಿಮಿಷದಲ್ಲಿ ಈ ನಾತ ಇರುವುದಿಲ್ಲ, ಬಳ್ಳೊಳ್ಳಿಯೂ ಇರುವುದಿಲ್ಲ.

ಜೇಬಿನಿಂದ ಫೋನ್ ತೆಗೆದ. ಅವನ ಕೇರಿಯ ಕಾಳಪ್ಪ ದೋಣಿಮಲೈ ಗಣಿಯಲ್ಲಿ ಸ್ಟಾಫ್ ಬಸ್ಸಿನ ಡ್ರೈವರ್, ಕುಡಿತ ಬಿಟ್ಟು ಹನ್ನೆರಡು ವರ್ಷವಾದವನು. ದಿನಾ ಸಂಜೆ ಏಳಕ್ಕೆ ಸಮುದಾಯ ಭವನದ ಕಟ್ಟೆಯ ಮೇಲೆ ಬಿಟ್ಟವರನ್ನೆಲ್ಲ ಕೂಡಿಸಿ ಚಹಾ ಕುಡಿಸಿ ಮಾತಾಡಿಸುತ್ತಿದ್ದ. ಅವನದು ಒಂದೇ ಕಾಯಿದೆ: ಬಾಟಲಿ ಮುಟ್ಟುವ ಮುಂಚೆ ಫೋನ್ ಮುಟ್ಟಬೇಕು.

“ಕಾಳಪ್ಪಣ್ಣ, ಗುಂಡಿ ಮುಂದ ಅದೀನಿ. ಪ್ಯಾಕೆಟ್ ಕಾಲಾಗ ಬಿದ್ದೈತಿ.”

“ಬಿದ್ರ ಬೀಳ್ಲಿ. ನೀ ಕುಂದ್ರು. ಇವತ್ತು ರಜಾ ಐತಿ, ಬಂದೆ.”

ಗುಡ್ಡಪ್ಪ ಪಕ್ಕಕ್ಕೆ ಸರಿಸಿದ್ದ ಚಪ್ಪಡಿಯ ಮೇಲೆ ಕುಳಿತ.

“ಯಾರಿಗಲೇ ಫೋನು, ಡಿ.ಸಿ. ಸಾಹೇಬ್ರಿಗೇನು?” ಮಾಲತೇಶ್ ಈಗ ಬೈಕಿನಿಂದ ಇಳಿದ. “ನೋಡ್ ನೋಡು, ಕುಬಸಕ್ಕ ಕುಂತ ಬಸರಿ ಹಂಗ ಕುಂತಾನ ಸೂಳೆಮಗ! ಅಂಜಿನಿ, ನೀ ಇಳಿಯಲೇ.”

ಅಂಜಿನಿ ತನ್ನ ಪ್ಯಾಕೆಟ್ ಆಗಲೇ ಮುಗಿಸಿ ಸೊಂಟಕ್ಕೆ ಹಗ್ಗ ಬಿಗಿಯುತ್ತಿದ್ದ. ಗುಡ್ಡಪ್ಪನಿಗೆ ಹೋದ ಬೇಸಿಗೆಯವರೆಗೂ ಕೆಲಸದಲ್ಲಿ ಜೊತೆಗಿದ್ದ ಹನುಮಣ್ಣ ನೆನಪಾದ. ಅವನೂ ಹೀಗೇ ಒಂದು ಗುಂಡಿಗೆ ಇಳಿದಿದ್ದ, ಒಳಗಿನ ವಿಷಗಾಳಿ ಬಡಿದು ಮೇಲೆ ಬರಲಿಲ್ಲ. ಕುಡಿದ ಅಮಲಿನಲ್ಲಿ ಕಾಲು ಜಾರಿ ಸತ್ತ ಎಂದು ಪೊಲೀಸರು ಬರೆದುಕೊಂಡು ಹೋದರು. ಕುಡಿಸಿದವರ ಹೆಸರನ್ನು ಯಾರೂ ಕೇಳಲಿಲ್ಲ.

ಗುಡ್ಡಪ್ಪ ಹಗ್ಗ ಹಿಡಿದು ಜಗ್ಗಿದ. ಅಂಜಿನಿ ಬಂದು ಅವನ ಪಕ್ಕದಲ್ಲೇ ಧೊಪ್ಪನೆ ಕುಕ್ಕರಿಸಿದ.

“ಬಿಡು ಮಾವ, ನಂಗೇನೂ ವಾಸನಿ ಬರವಲ್ದು.”

“ಅದಕ್ಕs ಇಳಿಯಾಕ ಹೊಂಟಿ. ನನಗ ಬರಾಕತ್ತೈತಿ. ಒಳಗ ಸಾವು ಐತಲೇ ಹುಚ್ಚಾ, ಕುಂದ್ರು.”

ಅಷ್ಟರಲ್ಲಿ ಕಾಳಪ್ಪನ ಸ್ಕೂಟರ್ ಬಂತು. ಅವನು ಗುಂಡಿ ನೋಡಿದ, ಪ್ಯಾಕೆಟ್ ನೋಡಿದ, ಗುಡ್ಡಪ್ಪನ ಮುಖ ನೋಡಿದ. ಚಪ್ಪಡಿಯ ಉಳಿದ ತುದಿಗೆ ಕುಳಿತು, ಗುಡ್ಡಪ್ಪನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ.

“ಇವತ್ತಿನ ಮೀಟಿಂಗ್ ಇಲ್ಲೇ ಮಾಡೂಣು. ಹೇಳು, ಹೆಂಗದೀ?”

“ಬೇಕನಸ್ತೈತಣ್ಣ.”

“ಅನಸ್ಲಿ. ನನಗೂ ಈಗ ಅನಸ್ತು. ಈ ನಾತಕ್ಕ ಯಾವನಿಗಾದ್ರೂ ಅನಸ್ತೈತಿ.”

ಗುಡ್ಡಪ್ಪನಿಗೆ ನಗು ಬಂತು. ಹನ್ನೆರಡು ವರ್ಷದವನಿಗೂ ಹಾಗೆ ಅನ್ನಿಸುತ್ತದೆ ಎಂದು ತಿಳಿದು ಜೀವಕ್ಕೆ ಎಷ್ಟೋ ಹಗುರಾಯಿತು.

ಗಾಳಿ ಮಾತ್ರ ಲಾಡ್ಜಿನ ಕಡೆಗೇ ಬೀಸುತ್ತಿತ್ತು. ಕಿಟಕಿಗಳು ಒಂದೊಂದಾಗಿ ಪಟಪಟ ಮುಚ್ಚಿಕೊಂಡವು. ಒಬ್ಬ ಯಾತ್ರಿಕ ಮುಖಕ್ಕೆ ಟವೆಲ್ ಸುತ್ತಿಕೊಂಡು, ಸೂಟ್‌ಕೇಸ್ ಎಳೆಯುತ್ತ ಹೊರಟೇಬಿಟ್ಟ. ಅವನ ಹಿಂದೆಯೇ ಸಾವ್ಕಾರ ಮೂಗಿಗೆ ಕರ್ಚೀಫು ಒತ್ತಿ ಹಿಡಿದು ಓಡಿಬಂದ, ಜೊತೆಗೊಬ್ಬ ವೇಟರ್.

“ಮುಚ್ರಲೇ ಅದನ್ನ! ಊಟದ ರೂಮಿಗೆ ನಾತ ಹೊಡಿಯಾಕತ್ತೈತಿ!”

“ನಿಮಗೂ ಮೂಗೈತೇನ್ರಿ ಸಾವ್ಕಾರ್ರ?” ಗುಡ್ಡಪ್ಪ ನಿಜಕ್ಕೂ ಬೆರಗಾದವನಂತೆ ಕೇಳಿದ.

ಮಾಲತೇಶ್ ಪ್ಯಾಕೆಟ್ಟನ್ನು ತಾನೇ ಬಗ್ಗಿ ಎತ್ತಿ, ಮಣ್ಣು ಒರೆಸಿ, ದನಿ ಇಳಿಸಿ ಮುಂದೆ ಹಿಡಿದ. “ಗುಡ್ಡಪ್ಪ, ನನ್ನ ಮರ್ಯಾದಿ ಉಳಸೋ. ಇದೊಂದು ಸಲ ಕುಡದು ಇಳದುಬಿಡಪ್ಪಾ.”

“ನೀವs ಕುಡೀರಿ, ನೀವs ಇಳೀರಿ. ಹಗ್ಗ ನಾನು ಹಿಡೀತೀನಿ. ಬಿಡಾಂಗಿಲ್ಲ, ನನ್ನಾಣಿ.”

“ನಾಳಿಂದ ಕೆಲಸಕ್ಕ ಬರಬ್ಯಾಡ, ಹಂಗಾರ!”

ನಾಳಿನ ಕೂಲಿ ಗುಡ್ಡಪ್ಪನ ಕಣ್ಣ ಮುಂದೆ ಬಂತು. ಆದರೂ ಏಳಲಿಲ್ಲ.

“ಮನಷ್ಯಾರನ್ನ ಇಳಸೋದು ಕಾನೂನಿನಾಗ ಇಲ್ರಿ, ಇಳಸಿದೋರಿಗೆ ಜೈಲು,” ಎಂದ ಕಾಳಪ್ಪ, ಬಸ್ಸಿನ ಟೈಮ್ ಹೇಳುವವನ ಹಾಗೆ. “ಹೊಲಸು ಎಳಿಯೋ ಮಷಿನ್ ತರಸ್ರಿ.”

“ಮಷಿನ್ ನಾಳೆ ಬೆಳಗ್ಗೆ ಅಂತ!” ಸಾವ್ಕಾರ ಒದರಿದ. “ಅಲ್ಲೀತನಾರ ಮುಚ್ರಲೇ!”

“ಯಾರು ಬ್ಯಾಡ ಅಂದ್ರು? ನಾವು ಸರದು ಕುಂದ್ರತೀವಿ, ನೀವು ಕೈ ಹಚ್ರಿ,” ಎಂದ ಗುಡ್ಡಪ್ಪ.

ಸಾವ್ಕಾರ ಮಾಲತೇಶನ ಮುಖ ನೋಡಿದ. ಮಾಲತೇಶ್ ವೇಟರನ ಮುಖ ನೋಡಿದ. ವೇಟರ್ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಚಪ್ಪಡಿ ಅಂಥ ಭಾರದ್ದೇನಲ್ಲ, ಇಬ್ಬರು ತಳ್ಳಿದರೆ ಸರಿಯುವಂಥದು. ಆದರೆ ಅದನ್ನು ಮುಟ್ಟುವ ಜಾತಿಯವರು ಆ ಹಿತ್ತಲಿನಲ್ಲಿ ಮೂವರೇ ಇದ್ದರು. ಮೂವರೂ ಅದರ ಮೇಲೆಯೇ ಕುಳಿತಿದ್ದರು.