ಹಬ್ಬದ ಲಾಗಿನ್

"ತಂಗೀ, ಇದು ನನ್ನ ಮಗಳ ಲಗ್ನದ ಕಾರ್ಡ ಅಲ್ಲ ಬಿಡವಾ," ದುರ್ಗವ್ವ ಕಂಪ್ಯೂಟರ್ ಪರದೆಗೆ ಮುಖ ಒಡ್ಡಿ ಅಂದಳು.

ಮಹಾದೇವಿ ಪರದೆಯತ್ತ ಬಗ್ಗಿದಳು. ಹಬ್ಬಕ್ಕೆ ಮೊದಲು ತಾನೇ ಕೂತು ಜೋಡಿಸಿದ್ದ ಲಗ್ನಪತ್ರಿಕೆ. ಈಗ ಮನೆದೇವರು ಎಲ್ಲಮ್ಮನ ಹೆಸರಿದ್ದಲ್ಲಿ, ಮದುಮಗಳ ಹೆಸರಿದ್ದಲ್ಲಿ ಇಂಗ್ಲಿಷ್ ಅಕ್ಷರ, ಡಾಲರ್ ಗುರುತು, ಎಲ್ಲ ಕಲಸಿ ಚಿತ್ರಾನ್ನ! ಲಗ್ಗೆರೆಯ ಈ ಡಿಟಿಪಿ ಅಂಗಡಿಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿಸಿದಾಗ ಕನ್ನಡದ ಫಾಂಟುಗಳನ್ನು ಹುಡುಕಿ ಹುಡುಕಿ ಕೂರಿಸಿದವಳೂ ಅವಳೇ. ಇವತ್ತು ಒಂದೂ ಇಲ್ಲ; ಅದಕ್ಕೇ ಕನ್ನಡ ಹೀಗೆ ಕೆಟ್ಟಿತ್ತು.

"ಮೊದಲ್ನೇ ಕಾರ್ಡ ಮನಿದೇವ್ರ ಮುಂದ ಇಡಲಾರದ ಯಾರಿಗೂ ಕೊಡಂಗಿಲ್ಲವಾ. ಸಂಜಿಗೆ ಊರಿಗೆ ಬಸ್ಸೈತಿ. ಮೇಸ್ತ್ರಿ ಮತ್ತ ರಜಾ ಕೊಡಾಂವಲ್ಲ. ಬರಿಗೈಲೆ ಹೆಂಗ ಹೋಗ್ಲಿ?" ದುರ್ಗವ್ವನ ಗಾರೆ ಕೆಲಸದ ಕೈಗಳು ಸೆರಗಿನ ಗಂಟನ್ನು ಹಿಸುಕುತ್ತಿದ್ದವು.

ಬಟ್ಟೆ ಹಿಡಿದು ಪ್ರಿಂಟರಿನ ಧೂಳು ಒರೆಸುತ್ತಿದ್ದ ಅಂಗಡಿಯ ಯಜಮಾನ ನಲ್ಲಪ್ಪನ ಕಡೆ ಮಹಾದೇವಿ ತಿರುಗಿದಳು. "ಅಣ್ಣಾ, ಕಂಪ್ಯೂಟರ್‌ಗೆ ಏನ್ಮಾಡಿದ್ರಿ?"

"ಆಯುಧಪೂಜೆ ಇತ್ತಲ್ವಮ್ಮಾ? ಒಳ್ಳೇದಾಗ್ಲಿ ಅಂತ ದೇವರ ಹೆಸ್ರಲ್ಲಿ ಹೊಸ ಲಾಗಿನ್ ಮಾಡ್ದೆ. ಹಳೇದ್ರಲ್ಲಿದ್ದ ಫೈಲೆಲ್ಲ ಇದಕ್ಕೇ ತಂದ್ಹಾಕಿದೀನಿ. ಒಂದೂ ಬಿಟ್ಟಿಲ್ಲ."

"ಅಯ್ಯೋ, ಫಾಂಟುಗಳು ಇರೋ ಫೋಲ್ಡರ್ ಕಣ್ಣಿಗೆ ಕಾಣಲ್ಲ ಅಣ್ಣಾ! ಹಳೇ ಲಾಗಿನ್ನಲ್ಲೇ ಅಡಗಿರುತ್ತೆ. ಅದನ್ನ ಅಳಿಸ್ಬಿಟ್ರಾ?"

ನಲ್ಲಪ್ಪನ ಮುಖ ಸಣ್ಣಗಾಯಿತು. "ಅಳಿಸೋಣ ಅಂತಿದ್ದೆ. ಹಬ್ಬದ ದಿನ ಏನನ್ನೂ ಅಳಿಸ್ಬಾರ್ದು ಅಂತ ಸುಮ್ನಾದೆ. ಇವತ್ತು ಕೂತ್ಕೊಳ್ಳೋಷ್ಟ್ರಲ್ಲಿ ನೀನು ಬಂದ್ಬಿಟ್ಟೆ."

ಬೈಯಬೇಕೋ ಕೈ ಮುಗಿಯಬೇಕೋ ಮಹಾದೇವಿಗೆ ತಿಳಿಯಲಿಲ್ಲ. ದೇವರ ಲಾಗಿನ್ನಿನಿಂದ ಹೊರಬಂದು ಹಳೆಯದಕ್ಕೆ ಹೋದಳು. ಅಡಗಿದ್ದ ಫೋಲ್ಡರು ಇದ್ದಲ್ಲೇ ಇತ್ತು. ಇನ್ನು ಯಾರ ಹೆಸರಿನಲ್ಲಿ ಒಳಗೆ ಬಂದರೂ ಸಿಗಲಿ ಎಂದು ಫಾಂಟುಗಳನ್ನು ಎಲ್ಲರಿಗೂ ಸೇರಿದ ಜಾಗದಲ್ಲಿ ಕೂರಿಸಿ ಕಾರ್ಡು ತೆರೆದಳು. ಮೇಲೆ ಎಲ್ಲಮ್ಮ, ನಡುವೆ ಮದುಮಗಳು, ಕೆಳಗೆ ಬೀಗರು, ಎಲ್ಲರೂ ಕನ್ನಡದಲ್ಲಿ ತಂತಮ್ಮ ಜಾಗದಲ್ಲಿದ್ದರು. ಅಬ್ಬಾ, ಹೋದ ಜೀವ ಬಂದ ಹಾಗಾಯಿತು.

"ಇದ ನೋಡವಾ, ಇದ!" ದುರ್ಗವ್ವ ಮಹಾದೇವಿಯ ಕೆನ್ನೆ ಸವರಿ ನೆಟಿಕೆ ಮುರಿದಳು.

ಮೊದಲ ಕಾರ್ಡು ಬಿಸಿಬಿಸಿಯಾಗಿ ಹೊರಬಂತು. ದುರ್ಗವ್ವ ಸೆರಗಿನ ಗಂಟು ಬಿಚ್ಚಿ, ಅದರಲ್ಲಿದ್ದ ಅರಿಶಿನಕ್ಕೆ ಹನಿ ನೀರು ಹಾಕಿ ನಾಲ್ಕು ಮೂಲೆಗೂ ಹಚ್ಚಿದಳು. ಬೆರಳಿನಲ್ಲಿ ಇಷ್ಟು ಉಳಿಯಿತು. ಅತ್ತಿತ್ತ ನೋಡಿ, ಅದನ್ನು ಮಾನಿಟರಿನ ಅಂಚಿಗೆ, ಹಬ್ಬದ ಕುಂಕುಮದ ಪಕ್ಕಕ್ಕೇ ಹಚ್ಚಿಬಿಟ್ಟಳು.

"ಒರಸಬ್ಯಾಡ್ರಿ," ಎಂದು ಹೇಳಿ ಬಸ್ಸಿಗೆ ಓಡಿದಳು.

ನಲ್ಲಪ್ಪ ಬಟ್ಟೆ ಹಿಡಿದಿದ್ದ ಕೈಯನ್ನು ಹಿಂದೆ ಕಟ್ಟಿಕೊಂಡ.